ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ

ಹೋದ ವಾರ ನಮ್ಮ ಮನಿ ವಾಟ್ಸ್ಆ್ಯಪ್ ಗುಂಪಿನಾಗ ಮೈದುನ ಒಂದು ಚಿತ್ರ ಹಾಕಿದ್ದ. ಬಣ್ಣದ ಗೆರಿ, ಮ್ಯಾಲೆ ಏರಿಕೋತ ಹೋಗೂ ಬಾಣ. ದುಡಿಯೋ ಹೆಣ್ಣುಮಕ್ಕಳು 2017-18ರಾಗ ನೂರಕ್ಕ 23 ಇದ್ರು, 2023-24ರಾಗ 41 ದಾಟ್ಯಾರ ಅಂತ ಅದರ ಕೆಳಗ ಬರದಿತ್ತು. ಒಬ್ಬರು ಚಪ್ಪಾಳಿ ಹೊಡದ್ರು, ಇನ್ನೊಬ್ಬರು "ಎಲ್ಲಾ ಸುಳ್ಳು" ಅಂದ್ರು. ಆಮ್ಯಾಲೆ ಏನು, ಆ ಪಕ್ಷ ಈ ಪಕ್ಷ ಅಂತ ಜಗಳ ಹತ್ತಿತು. ಆ ಗದ್ದಲದಾಗ ನನ್ನ ನೆಗೆಣ್ಣಿ ನನಗ ಒಬ್ಬಾಕಿಗೇ ಫೋನ್ ಮಾಡಿ ಕೇಳಿದ್ಲು, "ಅಕ್ಕಾ, ಈ 41ರಾಗ ನಾವು ಅದೇವೋ ಇಲ್ಲೋ?"

ನನಗ ಅವಾಗ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಹಳೇ ಪುಸ್ತಕ, ವರದಿ, ಕೋರ್ಟಿನ ತೀರ್ಪು ಎಲ್ಲಾ ಹುಡುಕಿ ಓದಿದೆ. ಓದಿದ್ದನ್ನ ನಿಮಗೂ ಹೇಳಬೇಕು ಅನಸ್ತು, ಯಾಕಂದ್ರ ಇದು ನಮ್ಮೆಲ್ಲಾರ ಲೆಕ್ಕ.

1991ರ ಫೆಬ್ರುವರಿ. ನಾನು ಏಳನೇ ಇಯತ್ತೆ. ಧಾರವಾಡದ ಕಡೆ ನಮ್ಮ ಹಳ್ಳ್ಯಾಗ ಬಿಳಿಜ್ವಾಳದ ಸುಗ್ಗಿ ನಡದಿತ್ತು. ಜನಗಣತಿಗೆ ಅಂತ ಸಾಲಿ ಮಾಸ್ತರು ಬಂದು ಕಟ್ಟಿ ಮ್ಯಾಲೆ ಕುಂತಿದ್ರು. ಅಪ್ಪನ ಹೆಸರು ಬರಕೊಂಡ್ರು, ಉದ್ಯೋಗ ಒಕ್ಕಲತನ. ಆಮ್ಯಾಲೆ ಅವ್ವನ ಹೆಸರು ಬಂತು. "ಇವರು ಏನ್ ಮಾಡ್ತಾರ್ರಿ?" ಅಂತ ಅಪ್ಪನ್ನ ಕೇಳಿದ್ರು. "ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ" ಅಂದ ಅಪ್ಪ. ಮಾಸ್ತರು ಬರಕೊಂಡು ಮುಂದ ಹೋದ್ರು. ನಾನ ಅವರಿಗೆ ನೀರು, ಬೆಲ್ಲ ತಂದು ಕೊಟ್ಟಾಕಿ.

ಅವ್ವ ಆ ದಿನ ನಸುಕಿನಾಗ ನಾಕಕ್ಕ ಎದ್ದಾಕಿ, ಸಗಣಿ ಬಳದು, ಎಮ್ಮಿ ಹಿಂಡಿ, ಮಜ್ಜಿಗಿ ಕಡದು, ಆಳುಮಕ್ಕಳಿಗೂ ಸೇರಿ ರೊಟ್ಟಿ ಬಡದು, ಬುತ್ತಿ ಹೊತಗೊಂಡು ಹೊಲಕ್ಕ ಹೋಗಿದ್ಲು. ಹೊಲದಾಗ ಸುಮ್ನ ಕುಂತು ಬಂದಿದ್ದಿಲ್ಲ, ಹೊತ್ತು ಮುಳುಗೂತನಕ ತೆನಿ ಮುರದಿದ್ಲು. ಅದಕ್ಕ ತನ್ನ ಲೆಕ್ಕ ತಾನು ಹೇಳಲಿಕ್ಕೆ ಆಕಿ ಮನ್ಯಾಗ ಇದ್ದಿದ್ದಿಲ್ಲ. "ಮನ್ಯಾಗ ಇರ್ತಾಳ" ಅಂತ ಬರದ ಹೊತ್ತಿನಾಗನ ಆಕಿ ಮನ್ಯಾಗ ಇಲ್ಲ, ನೋಡ್ರಿ.

ಈಗ ಓದಿದ ಮ್ಯಾಲೆ ಗೊತ್ತಾತು, ಆ ವರ್ಷದ ಗಣತಿ ಪ್ರಶ್ನೆದಾಗ ಒಂದು ಹೊಸ ಮಾತು ಸೇರಿಸಿದ್ರಂತ. ಸ್ವಂತ ಹೊಲದಾಗ, ಮನಿ ಉದ್ಯೋಗದಾಗ ಪಗಾರಿಲ್ಲದ ದುಡದ್ರೂ ಅದು ಕೆಲಸನ, ಬರಕೋರಿ ಅಂತ. ಅದು ಸುಮ್ನ ಬಂದಿದ್ದಲ್ಲ. ಮೈಸೂರಾಗ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಾಗ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳೊಳಗ ಹೆಣ್ಣುಮಕ್ಕಳು ದಿನದಾಗ ಯಾವ ತಾಸಿಗೆ ಏನು ಮಾಡ್ತಾರ ಅಂತ ಎಣಿಸಿಸಿ, ಸರಕಾರದ ಲೆಕ್ಕದಾಗ ಅವರ ದುಡಿತ ಬಿಟ್ಟು ಹೋಗೇದ ಅಂತ ತೋರಿಸಿದ್ರು. ಮಹಿಳಾ ಸಂಘಟನೆಗಳು ಬೆನ್ನು ಹತ್ತಿ ಪ್ರಶ್ನೆ ಬದಲು ಮಾಡಿಸಿದ್ವು. ಹಾಳಿ ಮ್ಯಾಲೆ ಪ್ರಶ್ನೆ ಬದಲಾತು, ಆದ್ರ ನಮ್ಮ ಕಟ್ಟಿ ಮ್ಯಾಲೆ ಅದನ್ನ ಯಾರೂ ಕೇಳಲಿಲ್ಲ.

ಮುಂದ 2001ರ ಗಣತಿ ಬಂತು. ಆ ಸಲ ಇನ್ನೊಂದು ನಿಯಮ ಹೊಸದಾಗಿ ಬಂತು. ಹಾಲು ಮಾರದ, ಬರೇ ಮನಿ ಮಂದಿಗೆ ಅಂತ ಎಮ್ಮಿ ಸಾಕಿದ್ರೂ ಅದು ಕೆಲಸ ಅಂತ. ಅಂದ್ರ ಅದ ಎಮ್ಮಿ, ಅದ ಅವ್ವ, ಅದ ಚರಗಿ, ಆದ್ರ 1991ರಾಗ ಕೆಲಸ ಅಲ್ಲ, 2001ರಾಗ ಕೆಲಸ! ದೇಶದಾಗ ದುಡಿಯೋ ಹೆಣ್ಣುಮಕ್ಕಳ ಪ್ರಮಾಣ ಆ ಹತ್ತು ವರ್ಷದಾಗ ನೂರಕ್ಕ 22.3ರಿಂದ 25.6ಕ್ಕ ಏರ್ತು. ಅದರಾಗ ಖರೇನ ಹೊಸದಾಗಿ ದುಡಿಲಿಕ್ಕೆ ಹತ್ತಿದವರು ಎಷ್ಟು, ಮೊದಲಿಂದ ದುಡೀತಿದ್ದು ಈಗ ಹೆಸರು ಬಿದ್ದವರು ಎಷ್ಟು ಅಂತ ಆ ಒಂದು ಅಂಕಿ ನೋಡಿ ಹೇಳಲಿಕ್ಕೆ ಬರೂದಿಲ್ಲ.

ನನ್ನ ತಪ್ಪೂ ಹೇಳಿಬಿಡ್ತೇನಿ. 2001ರಾಗ ನಾನು ಲಗ್ನ ಆಗಿ ಹುಬ್ಬಳ್ಳಿಗೆ ಬಂದಿದ್ದೆ. ಗಣತಿಗೆ ಬಂದ ಅಕ್ಕೋರು ನನ್ನನ್ನ ಕೇಳಿದ್ರು. "ಏನಿಲ್ರಿ, ಮನ್ಯಾಗ ಇರ್ತೇನಿ" ಅಂದೆ. ನನ್ನ ಬಾಯಿಂದನ ಅಪ್ಪನ ಮಾತು ಬಂತು! ಅವಾಗ ನಾನು ಓಣಿ ಮಂದೀದು ತಿಂಗಳಿಗೆ ಹತ್ತು ಹದಿನೈದು ಜಂಪರ್ ಹೊಲೀತಿದ್ದೆ, ರೊಕ್ಕಾನೂ ತಗೋತಿದ್ದೆ. ಅದನ್ನ ಉದ್ಯೋಗ ಅಂತ ಹೇಳಲಿಕ್ಕೆ ನನಗ ನಾಚಿಕಿ ಬಂದಿತ್ತು.

ಹಂಗಂದ್ರ ಆ ಲೆಕ್ಕದಾಗ ನಾನು ಎಲ್ಲಿ ಕುಂತೆ? ಕೆಲಸ ಇಲ್ಲದವರ ಸಾಲಿನಾಗ. 2010ರಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಾಂಗೂಲಿ ಅವರು ಒಂದು ತೀರ್ಪಿನಾಗ ಇದನ್ನ ಎತ್ತಿ ಹೇಳ್ಯಾರ. 2001ರ ಗಣತಿದಾಗ ಸುಮಾರು 36 ಕೋಟಿ ಹೆಣ್ಣುಮಕ್ಕಳನ್ನ ಕೆಲಸ ಇಲ್ಲದವರು ಅಂತ ಬರದು, ಭಿಕ್ಷುಕರು, ವೇಶ್ಯೆಯರು, ಜೈಲಿನಾಗ ಇದ್ದವರ ಜೋಡಿ ಒಂದ ಗುಂಪಿಗೆ ಹಾಕ್ಯಾರ, ಇದು ಹೆಣ್ಣುಮಕ್ಕಳ ಬಗ್ಗೆ ಇರೋ ಅಸಡ್ಡಿ ಅಂತ. ಅದು ರಸ್ತೆ ಅಪಘಾತದಾಗ ತೀರಿಕೊಂಡ ಒಬ್ಬ ಗೃಹಿಣಿ ಕೇಸು. ಕೆಳಗಿನ ನ್ಯಾಯಮಂಡಳಿ ಎರಡೂವರಿ ಲಕ್ಷ ಕೊಟ್ಟಿತ್ತು, ಸುಪ್ರೀಂ ಕೋರ್ಟು ಆರು ಲಕ್ಷ ಮಾಡ್ತು.

ಆ ತೀರ್ಪು ಓದೂವಾಗ ನನಗ ನಮ್ಮ ಕಾಕು ನೆನಪಾಗಿ ಕಣ್ಣೀರು ಬಂದ್ವು. ನಿಮ್ಮೊಳಗ ಭಾಳ ಮಂದಿಗೆ ಗೊತ್ತದ, ಕಾಕು 1998ರಾಗ ಬಸ್ಸಿನ ಅಪಘಾತದಾಗ ಹೋದ್ಲು. ಪರಿಹಾರದ ಲೆಕ್ಕ ಹಾಕೂವಾಗ ಕಾಯ್ದೆದಾಗಿನ ಒಂದು ಕೋಷ್ಟಕ ತೋರಿಸಿದ್ರು. ಗಳಿಕಿ ಇಲ್ಲದ ಹೆಂಡತಿ ಬೆಲಿ ಗಂಡನ ಗಳಿಕಿಯ ಮೂರನೇ ಒಂದು ಭಾಗ. ಅದರಾಗ ಮತ್ತ ಮೂರನೇ ಒಂದು ಭಾಗ ಕಳೀತಿದ್ರು, ಆಕಿ ಬದುಕಿದ್ರ ತನ್ನ ಸ್ವಂತಕ್ಕ ಖರ್ಚು ಮಾಡ್ತಿದ್ಲಲ್ಲ, ಅದಕ್ಕಂತ. ಕಾಕು ತನ್ನ ಸ್ವಂತಕ್ಕ ಖರ್ಚು ಮಾಡಿದ್ದನ್ನ ನಮ್ಮ ಮನ್ಯಾಗ ಯಾರೂ ಕಂಡಿದ್ದಿಲ್ಲ. ವರ್ಷಕ್ಕ ಎರಡು ಸೀರಿ, ಅದರಾಗ ಒಂದು ಮಗಳಿಗೆ.

ಆಕಿ ಹೋದ ಮ್ಯಾಲೆ ಕಾಕಾ ರೊಟ್ಟಿ ಮಾಡಲಿಕ್ಕೆ ಒಬ್ಬಾಕಿನ್ನ, ಭಾಂಡಿ ಅರಬಿಗೆ ಒಬ್ಬಾಕಿನ್ನ ಪಗಾರ ಕೊಟ್ಟು ಇಟ್ಟುಕೊಂಡ. ಈಗ ಲೆಕ್ಕದ ಚೋದ್ಯ ಕೇಳ್ರಿ. ಕಾಕು ಇದ್ದಾಗ ಆ ಮನಿ ರೊಟ್ಟಿಗೆ ದೇಶದ ಆದಾಯದಾಗ ಸೊನ್ನಿ. ಪಗಾರದ ಹೆಣ್ಣಮಗಳು ಬಂದ ಮ್ಯಾಲೆ ನಿಯಮದ ಪ್ರಕಾರ ಅದ ರೊಟ್ಟಿ ದೇಶದ ಆದಾಯ. ಅಂದ್ರ ಕಾಕು ಸತ್ತಿದ್ದಕ್ಕ ದೇಶದ ಆದಾಯ ಹೆಚ್ಚಾತು.

ಇದು ನಾನು ಹುಡುಕಿದ್ದಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷದ ಹಿಂದನ ಇದನ್ನ ತಿರುಗಿಸಿ ಹೇಳಿದ್ದ. ಮನಿಗೆಲಸಕ್ಕ ಇಟ್ಟುಕೊಂಡಾಕಿನ್ನ ಯಜಮಾನ ಲಗ್ನ ಆದ್ರ ದೇಶದ ಆದಾಯ ಕಡಿಮಿ ಆಗ್ತದ ಅಂತ. ಗೊತ್ತಿದ್ದೂ ಹಂಗ ಬಿಟ್ರು. 1934ರಾಗ ಅಮೆರಿಕದಾಗ ಸೈಮನ್ ಕುಜ್ನೆಟ್ಸ್ ದೇಶದ ಆದಾಯದ ಲೆಕ್ಕ ಮಾಡಿ ಅಲ್ಲಿನ ಸೆನೆಟ್ಟಿಗೆ ಕೊಟ್ಟ. ಗೃಹಿಣಿಯರ ಕೆಲಸ ಬಿಟ್ಟೇನಿ ಅಂತ ಆಂವ ಮುಚ್ಚಿಡಲಿಲ್ಲ, ಈ ಅಂಕಿಯಿಂದ ಮಂದಿ ಸುಖ ಅಳೀಬ್ಯಾಡ್ರಿ ಅಂತನೂ ಎಚ್ಚರಿಸಿದ್ದ. ಅಂಕಿ ಊರೆಲ್ಲಾ ಓಡಾಡ್ತು, ಎಚ್ಚರಿಕಿ ಮಾತು ಪುಸ್ತಕದಾಗ ಉಳೀತು. 1953ರಾಗ ವಿಶ್ವಸಂಸ್ಥೆ ಎಲ್ಲಾ ದೇಶಕ್ಕೂ ಅಂತ ಲೆಕ್ಕದ ಪದ್ಧತಿ ಮಾಡ್ತು, ಅದರಾಗೂ ಮನಿಗೆಲಸ ಹೊರಗ. ನ್ಯೂಜಿಲೆಂಡಿನ ಪಾರ್ಲಿಮೆಂಟಿನಾಗ ಇದ್ದ ಮರಿಲಿನ್ ವೇರಿಂಗ್ ಅನ್ನೋ ಹೆಣ್ಣುಮಗಳು ಇದರ ಮ್ಯಾಲೆ 1988ರಾಗ ಒಂದು ಪುಸ್ತಕನ ಬರದ್ಲು.

ಹಂಗಾರ ನಮ್ಮ ದೇಶದಾಗ ಯಾರೂ ಎಣಿಸಿಲ್ಲೇನು? ಎಣಿಸ್ಯಾರ. 1998-99ರಾಗ ಆರು ರಾಜ್ಯದಾಗ ಎಣಿಸಿದ್ರು, ಅದರಾಗ ಕರ್ನಾಟಕ ಇದ್ದಿದ್ದಿಲ್ಲ. 2019ರಾಗ ಇಡೀ ದೇಶದಾಗ ಎಣಿಸಿದ್ರು. ಮನಿಗೆಲಸಕ್ಕ ಹೆಣ್ಣುಮಕ್ಕಳು ದಿನಕ್ಕ 299 ನಿಮಿಷ, ಗಂಡಸೂರು 97 ನಿಮಿಷ ಅಂತ ಬಂತು. ಪೇಪರಿನಾಗ ನೋಡಿ ನಾನು ಖುಷಿಪಟ್ಟಿದ್ದೆ, ಪರವಾಗಿಲ್ಲ, ಗಂಡಸೂರೂ ಒಂದೂವರಿ ತಾಸು ಮಾಡ್ತಾರ ಅಂತ. ಆಮ್ಯಾಲೆ ವರದಿ ಪೂರ್ತಿ ಓದಿದ್ರ ಬ್ಯಾರೇನ ಅದ. ಆ 97 ನಿಮಿಷ ಎಲ್ಲಾ ಗಂಡಸೂರದ್ದಲ್ಲ, ಆ ದಿನ ಮನಿಗೆಲಸಕ್ಕ ಕೈ ಹಚ್ಚಿದವರದ್ದಷ್ಟ. ಕೈ ಹಚ್ಚಿದವರು ನೂರಕ್ಕ 26 ಮಂದಿ. ಉಳಿದ 74 ಮಂದಿ ಲೋಟ ಸೈತ ಎತ್ತಿಟ್ಟಿಲ್ಲ. ಹೆಣ್ಣುಮಕ್ಕಳೊಳಗ ಕೈ ಹಚ್ಚಿದವರು ನೂರಕ್ಕ 81.

ಎಲ್ಲಾರಿಗೂ ಸಮ ಹಂಚಿ ನೋಡ್ರಿ. ಗಂಡಸೂರ ಪಾಲಿಗೆ 25 ನಿಮಿಷ, ಹೆಣ್ಣುಮಕ್ಕಳ ಪಾಲಿಗೆ 243 ನಿಮಿಷ. ಮೂರು ಪಟ್ಟು ಅಂತ ಕಂಡಿದ್ದು ಹತ್ತು ಪಟ್ಟಿನ ಹತ್ತಿರ ಹೋತು. ಯಾರೂ ಸುಳ್ಳು ಬರದಿಲ್ಲ, ವರದಿದಾಗ ಎಲ್ಲಾ ಅದ. ಪೇಪರಿನ ದೊಡ್ಡ ಅಕ್ಷರದಾಗ ಅರ್ಧಾ ಅಷ್ಟ ಬಂದಿತ್ತು.

ಈಗ ನೆಗೆಣ್ಣಿ ಪ್ರಶ್ನೆಗೆ ಬರ್ತೇನಿ. ಮೈದುನ ಹಾಕಿದ ಅಂಕಿ ಖರೇ ಅದ. 15 ವರ್ಷ ಮೀರಿದ ಹೆಣ್ಣುಮಕ್ಕಳೊಳಗ ದುಡಿಯೋರು, ಕೆಲಸ ಹುಡುಕೋರು ಸೇರಿ ನೂರಕ್ಕ 23.3 ಇದ್ದದ್ದು 41.7 ಆಗೇದ. ಆದ್ರ ಹಿಂಗ ದುಡಿಯೋ ಹೆಣ್ಣುಮಕ್ಕಳೊಳಗ ಮೂರರಾಗ ಒಬ್ಬರಿಗಿಂತ ಹೆಚ್ಚು ಮಂದಿ ಮನಿ ಉದ್ಯೋಗಕ್ಕ ಸಹಾಯ ಮಾಡೋರು, ಅಂದ್ರ ಹೊಲದಾಗ, ಅಂಗಡ್ಯಾಗ ಪಗಾರಿಲ್ಲದ ದುಡಿಯೋರು. ಮಧ್ಯಾಹ್ನ ಮೈದುನ ಉಂಡು ಮಲಗಿದಾಗ ಕಿರಾಣಿ ಅಂಗಡಿ ಗಲ್ಲಾದ ಮ್ಯಾಲೆ ಕೂಡಾಕಿ ಯಾರು? ನೆಗೆಣ್ಣಿನ. ಹಂಗಾಗಿ ಆಕಿಗೆ ಹೇಳಿದೆ, "ಸರಿಯಾಗಿ ಬರದಿದ್ರ ನೀ ಆ 41ರಾಗ ಅದೀಯವ್ವಾ, ಪಗಾರಿಲ್ಲದ. ಹೊಲಿಗಿ ನಡಸೂತನಕ ನಾನೂ ಅದೇನಿ, ಬಾಯಿ ಬಿಟ್ಟು ಹೇಳಿದ್ರ. ಆದ್ರ ನಾವಿಬ್ಬರೂ ದಿನಾ ಬಡಿಯೋ ರೊಟ್ಟಿ ಮಾತ್ರ ಇನ್ನೂ ಹೊರಗ ಅದ."

ಅಂಗಡ್ಯಾಗ ಕೂಡಾಕಿನ್ನ ಎಣಿಸಿದ್ದು ತಪ್ಪಲ್ಲ, ದೇವಕಿ ಜೈನ್ ಅವರಂಥವರು ಅದಕ್ಕಂತನ ಗುದ್ದಾಡಿದ್ರು. ಅದನ್ನ ತೋರಿಸಿ "ಇಷ್ಟು ಹೆಣ್ಣುಮಕ್ಕಳಿಗೆ ಉದ್ಯೋಗ ಸಿಕ್ತು" ಅಂದ್ರ ಅದು ತಪ್ಪು. ಇನ್ನ "ಅಂಕಿನ ಸುಳ್ಳು" ಅಂತ ಒದರೂ ಅಣ್ಣನೂ ತಪ್ಪ, ಆಂವ ತನಗ ಬೇಕಾದ ಅಂಕಿ ಸಿಕ್ರ ನಾಳೆ ಅದನ್ನ ಕುಣಿಸ್ತಾನ.

2021ರಾಗ ಆಗಬೇಕಾಗಿದ್ದ ಜನಗಣತಿಗೆ ಈಗ 2027 ಅಂತ ಮುಹೂರ್ತ ಇಟ್ಟಾರ. ಈ ಸಲ ಹಾಳಿ ಇಲ್ಲ, ಎಲ್ಲಾ ಮೊಬೈಲಿನಾಗ, ಬೇಕಾದವರು ತಾವ ತುಂಬಬಹುದು. ಮೊಬೈಲಿನಾಗ ಬಂತು ಅಂದ್ರ ತಪ್ಪ ಇರೂದಿಲ್ಲ ಅಂತ ನಮ್ಮ ಮಕ್ಕಳು ಹೇಳ್ತಾರ. ಕೂಡಿಸೂದು ಲಗೂ ಆಗ್ತದ, ಅದು ಖರೇ. ಆದ್ರ ಕಟ್ಟಿ ಮ್ಯಾಲೆ ಅಪ್ಪ ಹೇಳಿದ್ದನ್ನ ಮಾಸ್ತರು ಪೆನ್ನಿಲೆ ಬರದ್ರ ಏನು, ಮೊಬೈಲಿನಾಗ ಒತ್ತಿದ್ರ ಏನು? ಅವ್ವ ಹೊಲದಾಗನ ಇದ್ಲಲ್ಲ. ಮನ್ಯಾಗ ಮೊಬೈಲ್ ಯಾರ ಕೈಯಾಗ ಇರ್ತದ, ಯಾರು ತುಂಬ್ತಾರ ಅನ್ನೂದು ನೀವ ವಿಚಾರ ಮಾಡ್ರಿ.

ಅದಕ್ಕ ಹೇಳ್ತೇನಿ, ಗಣತಿಯವರು ಬಂದಾಗ ಒಳಗ ಚಹಾ ಕಾಸ್ಕೋತ ನಿಲ್ಲಬ್ಯಾಡ್ರಿ, ಹೊರಗ ಬಂದು ಕೂಡ್ರಿ. ಎಮ್ಮಿ ಇದ್ರ ಎಮ್ಮಿ ಹೇಳ್ರಿ. ಹೊಲಕ್ಕ ಹೋಗ್ತಿದ್ರ ಹೊಲ, ಹಪ್ಪಳ ಶಾವಿಗಿ ಮಾಡಿ ಕೊಡ್ತಿದ್ರ ಅದು, ಫಾಲು ಪಿಕೋ ಮಾಡ್ತಿದ್ರ ಅದೂ ಹೇಳ್ರಿ. ತುಂಬಿದ ಮ್ಯಾಲೆ ಒಮ್ಮೆ ಓದಿ ತೋರಸ್ರಿ ಅಂತ ಕೇಳ್ರಿ.

ಮೊನ್ನೆ ಊರಿಗೆ ಹೋದಾಗ ಅವ್ವಗ ಈ 1991ರ ಸುದ್ದಿ ಹೇಳಿದೆ. ಆಕಿಗೆ ಸಿಟ್ಟೇನೂ ಬರಲಿಲ್ಲ, ನಕ್ಕಳು. "ನಿಮ್ಮಪ್ಪಗ ಏನ್ ಗೊತ್ತವಾ, ಆಂವ ಏಳೂದರಾಗ ನಂದು ಅರ್ಧಾ ಕೆಲಸ ಮುಗೀತಿತ್ತು" ಅಂದ್ಲು. ಸ್ವಲ್ಪ ಹೊತ್ತು ಸುಮ್ನಿದ್ದು, "ಈ ಸಲ ಬಂದ್ರ ನಾ ಏನಂತ ಬರಸ್ಲಿ? ಈಗಂತೂ ಖರೇನ ಏನೂ ಮಾಡೂದಿಲ್ಲಲ್ಲ" ಅಂತ ಕೇಳಿದ್ಲು. ಹಂಗ ಕೇಳೂವಾಗ ಆಕಿ ಕೈಯಾಗ ಒಂದು ಮರ ಜ್ವಾಳ ಇತ್ತು, ಹಸನ ಮಾಡಲಿಕ್ಕೆ ಹತ್ತಿದ್ಲು.