ತೋಟದ ಶೆಡ್ಡಿನ ವಿದ್ಯುತ್ ಸಂಪರ್ಕ

ಮನೆಯ ಮೀಟರ್ ಬೋರ್ಡಿನಿಂದ ತೋಟದ ಶೆಡ್ಡಿಗೋ ಕೊಟ್ಟಿಗೆಗೋ ದೀಪಕ್ಕೆಂದು ಎಳೆಯುವ ಪ್ರತ್ಯೇಕ ಲೈನು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಂಥ ಭತ್ತ, ಕಬ್ಬಿನ ಊರುಗಳಲ್ಲಿ ನೆಲ ಸದಾ ತೇವ. ಎಚ್ಚರ ಬೇಕಾದದ್ದು ಅದಕ್ಕೇ.

9 ವ್ಯಾಟಿನ ಎಲ್‌ಇಡಿ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 0.04 ಆಂಪಿಯರ್. ಅಷ್ಟೇ ಕರೆಂಟು ಎದೆಯ ಮೂಲಕ ಹರಿದರೆ ಜೀವಕ್ಕೆ ಅಪಾಯ. ಆದರೆ ಹೊರೆ ಹೆಚ್ಚಾದಾಗ ಸಂಪರ್ಕ ಕಡಿಯುವ 6 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಆದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಬೇಕೇ ಬೇಕು.

ತೆಂಗಿನ ಮರದಿಂದ ಮರಕ್ಕೆ ಬಿಗಿದ ಮನೆವೈರು, ಟೇಪು ಸುತ್ತಿದ ಜೋಡಣೆ: ತೋಟಗಳಲ್ಲಿ ಕಾಣುವ ನೋಟ. ಬಿಸಿಲಿಗೆ ಅದರ ಹೊದಿಕೆ ಸೀಳುತ್ತದೆ, ಗರಿ ಬಿದ್ದರೆ ಹರಿಯುತ್ತದೆ. ನೆಲದಡಿಯಾದರೆ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ಲೇ ಸರಿ. ಮುಕ್ಕಾಲು ಮೀಟರ್ ಆಳದ ಕಾಲುವೆ ತೋಡಿ, ಮರಳು ಹಾಸಿ, ಕೇಬಲ್ಲಿನ ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮುಂದೊಂದು ದಿನ ಗುದ್ದಲಿ ಮೊದಲು ಇಟ್ಟಿಗೆಗೆ ತಾಗಲಿ ಎಂದು.

ಕೆಲಸ ಪರವಾನಗಿ ಇರುವ ಗುತ್ತಿಗೆದಾರರದು. ತಗಡಿನ ಶೆಡ್ಡಿನ ಮೈಗೂ ಅರ್ತಿಂಗ್ ಕೊಡಬೇಕು. ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕಾಗುತ್ತದೆ.