ಹಳ್ಳಿಯ ಪಾದ್ರಿಯೂ ವಿಕಾಸವಾದವೂ

ಇಂಗ್ಲೆಂಡಿನ ಹಳ್ಳಿಗಾಡಿನ ಪಾದ್ರಿಗಳು ಭಾನುವಾರದ ಉಪದೇಶ, ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಮುಗಿಸಿದ ಮೇಲೆ ವಾರದಲ್ಲಿ ಧಾರಾಳವಾಗಿ ಉಳಿಯುತ್ತಿದ್ದ ಬಿಡುವನ್ನು ಹಕ್ಕಿ, ಹುಳು, ಹೂವುಗಳ ಪರಿಶೀಲನೆಯಲ್ಲಿ ಕಳೆಯುವುದು ಸುಮಾರು ಎರಡು ಶತಮಾನಗಳ ಕಾಲ ಗೌರವಾನ್ವಿತವಾದ ಸಂಪ್ರದಾಯವೇ ಆಗಿದ್ದಿತು. ಆಕ್ಸ್‌ಫರ್ಡಿನಲ್ಲೋ ಕೇಂಬ್ರಿಜ್ಜಿನಲ್ಲೋ ಪಡೆದ ವಿದ್ಯೆ, ಚರ್ಚಿಗೆ ಸಲ್ಲುವ ದಶಮಾಂಶದಿಂದ ಒದಗುವ ನಿಶ್ಚಿತವಾದ ಆದಾಯ, ಒಂದೇ ಊರಿನಲ್ಲಿ ಜೀವಮಾನವಿಡೀ ನೆಲೆನಿಲ್ಲುವ ಅವಕಾಶ, ಇವು ಮೂರೂ ಕೂಡಿದವನಿಗೆ ಪ್ರಕೃತಿಯ ಅಧ್ಯಯನ ತಾನಾಗಿಯೇ ಒದಗಿಬರುತ್ತಿದ್ದಿತು. ಜಾನ್ ರೇ 1691ರಲ್ಲಿ ಸೃಷ್ಟಿಕಾರ್ಯಗಳಲ್ಲಿ ತೋರಿಬರುವ ದೈವೀ ಪ್ರಜ್ಞೆಯನ್ನು ಕುರಿತು ಗ್ರಂಥವೊಂದನ್ನು ಬರೆದು, ಈ ಹವ್ಯಾಸವೂ ಒಂದು ಬಗೆಯ ಉಪಾಸನೆಯೆಂಬ ಸಮರ್ಥನೆಯನ್ನು ಒದಗಿಸಿಕೊಟ್ಟಿದ್ದನು. ಸೆಲ್ಬೋರ್ನಿನ ಗಿಲ್ಬರ್ಟ್ ವೈಟನಾದರೋ, ನೋಟಕ್ಕೆ ಒಂದೇ ಎನಿಸುವ ಪುಟ್ಟ ಉಲಿಯಕ್ಕಿಗಳು ವಾಸ್ತವವಾಗಿ ಮೂರು ಬೇರೆ ಬೇರೆ ಜಾತಿಗಳೆಂಬುದನ್ನು ಅವುಗಳ ಕೂಗನ್ನು ಆಲಿಸಿಯೇ ನಿರ್ಣಯಿಸಿದವನು. ಎರೆಹುಳು ಇಲ್ಲದಿದ್ದರೆ ನೆಲ ಬರಡಾದೀತೆಂದು, ಡಾರ್ವಿನ್ನನು ಆ ವಿಷಯವನ್ನೆತ್ತಿಕೊಂಡು ಪುಸ್ತಕ ಬರೆಯುವುದಕ್ಕೆ ನೂರು ವರ್ಷ ಮೊದಲೇ, ಗುರುತಿಸಿದ್ದವನು.

ಡಾರ್ವಿನ್ನನೂ ಈ ಪರಂಪರೆಗೇ ಸೇರಬೇಕಾಗಿದ್ದವನು. ವೈದ್ಯವಿದ್ಯೆ ಒಗ್ಗದೆ ಹೋದ ಮಗನನ್ನು ತಂದೆ 1828ರಲ್ಲಿ ಕೇಂಬ್ರಿಜ್ಜಿಗೆ ಕಳುಹಿಸಿದ್ದು ಪಾದ್ರಿಯಾಗಲೆಂದೇ. ಅಲ್ಲಿ ಅವನಿಗೆ ಸಸ್ಯಶಾಸ್ತ್ರದ ರುಚಿ ಹತ್ತಿಸಿದ ಹೆನ್ಸ್ಲೋ ಸ್ವತಃ ಪಾದ್ರಿ. 'ಬೀಗಲ್' ಹಡಗಿನ ಸಮುದ್ರಯಾನಕ್ಕೆ ಆಹ್ವಾನ ಮೊದಲು ಹೋದದ್ದು ಲಿಯೊನಾರ್ಡ್ ಜೆನಿನ್ಸ್ ಎಂಬ ಮತ್ತೊಬ್ಬ ಪಾದ್ರಿಗೆ. ಅವನು ತನ್ನ ಊರಿನ ಜನರನ್ನು ಬಿಟ್ಟುಹೋಗಲೊಲ್ಲದೆ ನಿರಾಕರಿಸಿದ್ದರಿಂದ ಆ ಅವಕಾಶ ಇಪ್ಪತ್ತೆರಡರ ತರುಣನ ಪಾಲಿಗೆ ಬಂದಿತು. ಡಾರ್ವಿನ್ನನು ಹಿಡಿದು ತಂದ ಮೀನುಗಳನ್ನು ವರ್ಣಿಸಿ ಗ್ರಂಥ ಬರೆದವನು ಮುಂದೆ ಅದೇ ಜೆನಿನ್ಸನೇ.

1859ರ ನವೆಂಬರಿನಲ್ಲಿ 'ಜೀವಜಾತಿಗಳ ಉಗಮ' ಹೊರಬಿದ್ದಾಗ ಪಾದ್ರಿವರ್ಗವೆಲ್ಲ ಒಂದೇ ದನಿಯಲ್ಲಿ ಬೊಬ್ಬಿಟ್ಟಿತೆಂದು ತಿಳಿಯುವುದು ತಪ್ಪು. ಎವರ್ಸ್ಲೀ ಗ್ರಾಮದ ಪಾದ್ರಿಯೂ ಕಾದಂಬರಿಕಾರನೂ ಆದ ಚಾರ್ಲ್ಸ್ ಕಿಂಗ್ಸ್ಲಿ ತನಗೆ ಮುಂಗಡವಾಗಿ ಬಂದ ಪ್ರತಿಯನ್ನು ನೋಡಿ, ಪುಸ್ತಕ ಅಂಗಡಿಗೆ ಬರುವ ಮೊದಲೇ, ಡಾರ್ವಿನ್ನನಿಗೆ ಪತ್ರ ಬರೆದನು: ತಾನೇ ಉಳಿಸಿದ ತೆರಪುಗಳನ್ನು ತುಂಬಲು ಮತ್ತೆ ಮತ್ತೆ ಕೈಹಾಕುವ ದೇವರ ಕಲ್ಪನೆಗಿಂತ, ತಾವಾಗಿಯೇ ವಿಕಸಿಸಬಲ್ಲ ಮೂಲರೂಪಗಳನ್ನು ನಿರ್ಮಿಸಿದ ದೇವರ ಕಲ್ಪನೆ ಯಾವ ವಿಧದಲ್ಲಿಯೂ ಕೀಳಲ್ಲವೆಂಬುದು ಅದರ ಸಾರ. ಡಾರ್ವಿನ್ನನು ಮುಂದಿನ ಜನವರಿಯ ಎರಡನೆಯ ಮುದ್ರಣದಲ್ಲಿ, ಹೆಸರು ಹೇಳದೆ, ಈ ಮಾತನ್ನು ಸೇರಿಸಿಕೊಂಡನು.

ಇದಕ್ಕೂ ವಿಚಿತ್ರವಾದದ್ದು ಹೆನ್ರಿ ಬೇಕರ್ ಟ್ರಿಸ್ಟ್ರಮನ ಕಥೆ. ಡರ್ಹಮ್ ಸೀಮೆಯ ಈ ಪಾದ್ರಿ ಶ್ವಾಸಕೋಶದ ಕಾಯಿಲೆಯ ನಿಮಿತ್ತ ಸಹಾರಾದ ಒಣಹವೆಗೆ ಹೋಗಿದ್ದಾಗ ಅಲ್ಲಿನ ನೆಲಗುಬ್ಬಿಗಳನ್ನು ಸಂಗ್ರಹಿಸಿದನು. ಮರಳಿನ ಬಣ್ಣ ಎಲ್ಲಿ ಹೇಗೋ ಅಲ್ಲಿನ ಹಕ್ಕಿಯ ಬೆನ್ನಿನ ಬಣ್ಣವೂ ಹಾಗೆಯೇ ಇರುವುದನ್ನೂ, ಒಂದೊಂದು ನೆಲೆಯಲ್ಲಿ ಕೊಕ್ಕಿನ ಉದ್ದ ಒಂದೊಂದು ಬಗೆಯಾಗಿರುವುದನ್ನೂ ಕಂಡಿದ್ದ ಅವನಿಗೆ, 1858ರಲ್ಲಿ ಪ್ರಕಟವಾದ ಡಾರ್ವಿನ್-ವಾಲೆಸರ ಪ್ರಬಂಧವು ಅದರ ಅರ್ಥವನ್ನು ಥಟ್ಟನೆ ತಿಳಿಸಿಕೊಟ್ಟಿತು: ಬಯಲಿನಲ್ಲಿ ಅಡಗಲು ಮರೆಯಿಲ್ಲದ ಕಡೆ, ಮಣ್ಣಿನೊಡನೆ ಬೆರೆತುಹೋಗುವ ಹಕ್ಕಿ ಉಳಿಯುತ್ತದೆ, ಬೆರೆಯದದ್ದು ವೈರಿಯ ಪಾಲಾಗುತ್ತದೆ. ಅದನ್ನು ಅವನು 1859ರ ಅಕ್ಟೋಬರಿನ 'ಐಬಿಸ್' ಪತ್ರಿಕೆಯಲ್ಲಿ ಬರೆದನು. ನಿಸರ್ಗದ ಆಯ್ಕೆಯೆಂಬ ತತ್ತ್ವವನ್ನು ಒಂದು ಪ್ರಾಣಿಸಮೂಹಕ್ಕೆ ಅನ್ವಯಿಸಿ ಮುದ್ರಿಸಿದವರಲ್ಲಿ ಮೊದಲಿಗನೆಂಬ ಕೀರ್ತಿ ಹೀಗೆ ಒಬ್ಬ ಪಾದ್ರಿಗೆ ಸಂದಿತು. ಅದೂ ಡಾರ್ವಿನ್ನನ ಪುಸ್ತಕ ಬರುವ ಮುನ್ನವೇ. ಆದರೆ ಟ್ರಿಸ್ಟ್ರಮನು ಮರುವರ್ಷವೇ ಹಿಂದೆ ಸರಿದನು. ಅಷ್ಟರಲ್ಲಿ ನೆಲಗುಬ್ಬಿಗಳು ಬದಲಾಗಿರಲಿಲ್ಲ. ಬದಲಾದದ್ದು ಸುತ್ತಲಿನ ಹವೆ.

ಆ ಹವೆಗೆ ಸಾಕ್ಷಿ 1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಡಾರ್ವಿನ್ನನ ಸಿದ್ಧಾಂತವನ್ನು ಕುರಿತು ನಡೆದ ಪ್ರಸಿದ್ಧ ವಾಗ್ವಾದ. ಬಿಷಪ್ ವಿಲ್ಬರ್‌ಫೋರ್ಸನಿಗೂ ಡಾರ್ವಿನ್ನನ ಪಕ್ಷ ವಹಿಸಿದ ಜೀವವಿಜ್ಞಾನಿ ಹಕ್ಸ್ಲಿಗೂ ನಡೆದ ಮಾತಿನ ಚಕಮಕಿ ನಮ್ಮ ಕಾಲೇಜು ಹುಡುಗರಿಗೂ ತಿಳಿದದ್ದೇ. ಅದರ ಬಣ್ಣಬಣ್ಣದ ವಿವರಗಳಲ್ಲಿ ಹೆಚ್ಚಿನವು ದಶಕಗಳ ಅನಂತರದ ಸ್ಮರಣೆಗಳಿಂದ ಬಂದವೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಂದಿನ ಅಧ್ಯಕ್ಷಸ್ಥಾನದಲ್ಲಿದ್ದವನು ಪಾದ್ರಿ ಹೆನ್ಸ್ಲೋ. ಮಾರನೆಯ ದಿನ ಭಾನುವಾರ, ಅದೇ ಊರಿನಲ್ಲಿ ಫ್ರೆಡರಿಕ್ ಟೆಂಪಲ್ ಎಂಬ ಪಾದ್ರಿ ವಿಜ್ಞಾನಕ್ಕೂ ಧರ್ಮಕ್ಕೂ ಇರುವ ಸಂಬಂಧವನ್ನು ಕುರಿತು ಉಪದೇಶ ಮಾಡಿ, ವಿಜ್ಞಾನದ ಅಂತರಾಳದಲ್ಲಿನ ತೆರಪುಗಳಲ್ಲಿ ದೇವರನ್ನು ಹುಡುಕದೆ ಅದರ ನಿಯಮಗಳಲ್ಲಿಯೇ ಕಾಣಬೇಕೆಂಬ ನಿಲುವನ್ನು ಹಿಡಿದನು. ಜಗಳ ನೆನಪಿನಲ್ಲಿ ಉಳಿಯಿತು, ಉಪದೇಶ ಉಳಿಯಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಆ ಜಗಳದಲ್ಲಿ ಸಿದ್ಧಾಂತಕ್ಕಿಂತಲೂ ವೃತ್ತಿಯ ಪಾತ್ರ ದೊಡ್ಡದು. ಹಕ್ಸ್ಲಿಯ ಪೀಳಿಗೆಗೆ ವಿಜ್ಞಾನವು ಸಂಬಳದ ಕೆಲಸವಾಗಬೇಕಾಗಿದ್ದಿತು. ಬಿಡುವಿನ ವೇಳೆಯಲ್ಲಿ ಜೀರುಂಡೆ ಹಿಡಿಯುವ ಪಾದ್ರಿಗಳ ಕೈಯಿಂದ ಅಧ್ಯಾಪಕ ಪೀಠಗಳನ್ನೂ ವಿದ್ವತ್ಸಭೆಗಳನ್ನೂ ಬಿಡಿಸಿಕೊಳ್ಳಬೇಕಾಗಿದ್ದಿತು. ರಾಯಲ್ ಸೊಸೈಟಿಯ ಸದಸ್ಯನಾಗಿದ್ದ ವಿಲ್ಬರ್‌ಫೋರ್ಸನು ಆ ಹಳೆಯ ವ್ಯವಸ್ಥೆಯ ಮುಖವೇ ಆಗಿದ್ದನು.

ಹಾಗೆಂದು ತಾತ್ತ್ವಿಕವಾದ ತೊಡಕು ಇರಲೇ ಇಲ್ಲವೆಂದರೆ ಸುಳ್ಳಾದೀತು. ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ನಿಷ್ಠಾವಂತನಾದ ಕ್ರೈಸ್ತ. ನಿಸರ್ಗದ ಆಯ್ಕೆಯು ದೈವಸಂಕಲ್ಪಕ್ಕೆ ವಿರೋಧಿಯಲ್ಲವೆಂದು ಅವನು 1860ರಲ್ಲಿ ಬರೆದ ಲೇಖನಗಳನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಹಂಚಲು ಡಾರ್ವಿನ್ನನೇ ಹಣ ಕೊಟ್ಟನು. ಆದರೆ ಜೀವಂತ ಕಂಬಳಿಹುಳುವಿನ ಒಡಲನ್ನೇ ತಿಂದು ಬೆಳೆಯುವ ಮರಿಗಳುಳ್ಳ ಕಣಜವನ್ನು ದಯಾಮಯನಾದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿರಬಹುದೆಂದು ನಂಬಲು ತನ್ನಿಂದಾಗದೆಂದು ಗ್ರೇಗೆ ಪತ್ರ ಬರೆದವನೂ ಅವನೇ. ಬೈಬಲಿನ ಆದಿಕಾಂಡದಲ್ಲಿ ಬರುವ ಸೃಷ್ಟಿಯ ಆರು ದಿನಗಳ ಲೆಕ್ಕಕ್ಕಿಂತ ಈ ಕಣಜದ ಪ್ರಶ್ನೆ ಎಷ್ಟೋ ಪಾಲು ಕಠಿನವಾದದ್ದು. ಗ್ರೇಯ ಉತ್ತರಗಳು ಡಾರ್ವಿನ್ನನಿಗೆ ಸಮಾಧಾನ ಕೊಡಲಿಲ್ಲ. ಅವನ ಕ್ರೈಸ್ತ ಶ್ರದ್ಧೆ ಕರಗಿಹೋಯಿತು. ಆದರೂ ಒಬ್ಬನು ಗಾಢವಾದ ಆಸ್ತಿಕನೂ ವಿಕಾಸವಾದಿಯೂ ಆಗಿರಬಹುದೆಂಬುದರಲ್ಲಿ ಸಂಶಯಪಡುವುದು ಅಸಂಗತವೆಂದು 1879ರಲ್ಲಿ ಒಬ್ಬರಿಗೆ ಬರೆಯುವಾಗ ಅವನು ನಿದರ್ಶನವಾಗಿ ಹೆಸರಿಸಿದ್ದು ಕಿಂಗ್ಸ್ಲಿಯನ್ನೂ ಗ್ರೇಯನ್ನೂ. ತಾನು ನೆಲಸಿದ್ದ ಡೌನ್ ಗ್ರಾಮದಲ್ಲಿ ಬಡವರ ಕಲ್ಲಿದ್ದಲು-ಬಟ್ಟೆ ನಿಧಿಯ ಲೆಕ್ಕಪತ್ರಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡು, ತನ್ನ ಅಭಿಪ್ರಾಯಗಳನ್ನು ಒಪ್ಪದ ಪಾದ್ರಿ ಬ್ರೋಡೀ ಇನ್ನೆಸನೊಡನೆ ಕಡೆಯವರೆಗೂ ಸ್ನೇಹದಿಂದ ನಡೆದುಕೊಂಡನು.

1882ರ ಏಪ್ರಿಲ್ 26ರಂದು ಡಾರ್ವಿನ್ನನ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನನ ಸಮಾಧಿಯ ಸಮೀಪ ಇಳಿಸಿದಾಗ, ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದವರಲ್ಲಿ ಹಕ್ಸ್ಲಿಯೂ ಇದ್ದನು, ಪಾದ್ರಿ ಫರಾರನೂ ಇದ್ದನು. ಎರಡು ವರ್ಷಗಳ ಅನಂತರ ಟೆಂಪಲನು ಆಕ್ಸ್‌ಫರ್ಡಿನ ಬ್ಯಾಂಪ್ಟನ್ ಉಪನ್ಯಾಸಗಳಲ್ಲಿ ವಿಕಾಸವಾದವನ್ನು ಬಹಿರಂಗವಾಗಿ ಅಂಗೀಕರಿಸಿದನು. 1896ರಲ್ಲಿ ಅವನನ್ನೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾಗಿ ಆರಿಸಲಾಯಿತು. ಆ ಆಯ್ಕೆಯನ್ನು ಸ್ಥಿರೀಕರಿಸುವ ಸಭೆಯಲ್ಲಿ ಪಾದ್ರಿಯೊಬ್ಬನು ಎದ್ದು ನಿಂತು, ವಿಕಾಸವಾದವನ್ನು ನಂಬುವೆನೆಂದು ಒಪ್ಪಿಕೊಂಡವನಿಗೆ ಈ ಪೀಠ ಸಲ್ಲದೆಂದು ಆಕ್ಷೇಪಿಸಿದನು. ಆ ಆಕ್ಷೇಪಣೆಯನ್ನು ವಿಚಾರಣೆಗೇ ಎತ್ತಿಕೊಳ್ಳದೆ ಬದಿಗಿರಿಸಿ ಸಭೆ ತನ್ನ ಕಾರ್ಯವನ್ನು ಮುಂದುವರಿಸಿತು.