ಬೆತ್ತದ ಚೆಂಡಿನ ಚರಿತ್ರೆ

ಚರಿತ್ರೆ ಎಂದರೆ ರಾಜರ ಪಟ್ಟಿ ಎಂದು ನಾವು ಶಾಲೆಯಲ್ಲಿ ಉರು ಹೊಡೆದವರು. ಆಟದ ಚರಿತ್ರೆ ಎಂದರೆ ಪದಕಗಳ ಪಟ್ಟಿ ಎಂದು ಈಗ ನಮ್ಮ ಮಕ್ಕಳು ಉರು ಹೊಡೀತಿದ್ದಾರೆ. ಯಾವ ವರ್ಷ, ಯಾವ ದೇಶ, ಎಷ್ಟು ಚಿನ್ನ. ಚೆಂಡು ಹೆಣೆದವರು ಯಾರು, ಆಡಿದವರ ಮನೆಯ ಒಲೆ ಹೇಗೆ ಉರೀತಿತ್ತು ಅನ್ನೋದು ಆ ಪಟ್ಟಿಯಲ್ಲಿ ಇರೋದಿಲ್ಲ. ಇದನ್ನು ಒಂದೇ ಒಂದು ಆಟ ಹಿಡಿದು ನೋಡೋಣ.

ಆ ಆಟದ ಹೆಸರು ಸೆಪಕ್ ತಕ್ರಾ. 2018ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಪಾಲೆಂಬಾಂಗ್ ಊರಿನಲ್ಲಿ, ಏಷ್ಯನ್ ಕ್ರೀಡಾಕೂಟದಲ್ಲಿ, ಭಾರತದ ಗಂಡಸರ ತಂಡ ಈ ಆಟದಲ್ಲಿ ಕಂಚು ಗೆದ್ದಿತು. ಏಷ್ಯನ್ ಕೂಟದ ಈ ಆಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಆಟದ ಹೆಸರನ್ನೇ ಕೇಳದವರು ನಮ್ಮಲ್ಲಿ ಬಹಳ ಮಂದಿ. ಆದ್ದರಿಂದ ಆಡೋದು ಹೇಗೆ ಅಂತ ಮೊದಲು ಹೇಳ್ತೇವೆ.

ನಡುವೆ ಒಂದು ಬಲೆ. ಆಚೆ ಮೂವರು, ಈಚೆ ಮೂವರು. ಈ ಮೂವರ ಗುಂಪಿಗೆ ರೆಗು ಅಂತಾರೆ. ಅಂಗಳ ಬ್ಯಾಡ್ಮಿಂಟನ್ ಅಂಗಳದಷ್ಟೇ. ಬಲೆಯ ಎತ್ತರ ಗಂಡಸರಿಗೆ 1.52 ಮೀಟರ್, ಹೆಂಗಸರಿಗೆ 1.42 ಮೀಟರ್. ಆಟ ಶುರುವಾಗುವಾಗ ಒಬ್ಬರು ಕೈಯಿಂದ ಚೆಂಡು ಹಾಕಿಕೊಡುತ್ತಾರೆ, ಇನ್ನೊಬ್ಬರು ಅದನ್ನು ಒದ್ದು ಆಚೆ ಕಳಿಸುತ್ತಾರೆ. ಅದೊಂದು ಬಿಟ್ಟರೆ ಕೈಗೆ ಕೆಲಸವಿಲ್ಲ. ಕಾಲು, ಮೊಣಕಾಲು, ಎದೆ, ತಲೆ, ಇಷ್ಟರಲ್ಲೇ ಆಡಬೇಕು. ಮೂರು ಸಲ ಮುಟ್ಟುವುದರೊಳಗೆ ಚೆಂಡು ಬಲೆ ದಾಟಬೇಕು. ಆಡುವವರು ಗಾಳಿಗೆ ಹಾರಿ, ಲಾಗ ಹಾಕಿ, ತಲೆಗಿಂತ ಮೇಲೆ ಕಾಲೆತ್ತಿ ಒದೆಯುವುದನ್ನು ನೋಡಿದವರು ಮರೆಯೋದಿಲ್ಲ.

ಈ ಆಟಕ್ಕೆ ಬರಹದಲ್ಲಿ ಸಿಕ್ಕ ಹಳೆಯ ನೆನಪುಗಳಲ್ಲೊಂದು ರಕ್ತದ್ದು. ಮಲಯರ ಅರಸು ಚರಿತ್ರೆಯಾದ 'ಸೆಜಾರಾ ಮಲಾಯು' 15ನೇ ಶತಮಾನದ ಮಲಕ್ಕಾ ರಾಜ್ಯದ ಒಂದು ಸಂಗತಿ ಹೇಳುತ್ತದೆ. ಬೆಂಡಹಾರ, ಅಂದರೆ ಪ್ರಧಾನಮಂತ್ರಿ, ತುನ್ ಪೆರಾಕ್. ಆತನ ಮಗ ತುನ್ ಬೆಸಾರ್ ಗೆಳೆಯರ ಜೊತೆ ಬೆತ್ತದ ಚೆಂಡು ಒದೆಯುತ್ತಿದ್ದ. ಸುಲ್ತಾನ ಮನ್ಸೂರ್ ಶಾನ ಮಗ ರಾಜಾ ಮುಹಮ್ಮದ್ ಆ ದಾರಿಯಲ್ಲಿ ಬಂದ. ಚೆಂಡು ತಗುಲಿ ಅವನ ತಲೆಯ ರುಮಾಲು ಕೆಳಗೆ ಬಿತ್ತು. ಅಷ್ಟಕ್ಕೇ ತುನ್ ಬೆಸಾರ್‌ನನ್ನು ಇರಿದು ಕೊಂದರು. ಸುಲ್ತಾನ ಮಗನಿಗೆ ಮಲಕ್ಕಾದ ಪಟ್ಟ ತಪ್ಪಿಸಿ, ಪಹಾಂಗ್ ಎಂಬ ಸೀಮೆಗೆ ಕಳಿಸಿ ಅಲ್ಲಿ ದೊರೆ ಮಾಡಿದ.

ಶಿಕ್ಷೆ ಹೇಗಿದೆ ನೋಡಿ! ಮಂತ್ರಿಯ ಮಗನ ಜೀವಕ್ಕೇ ಅಷ್ಟು ಬೆಲೆಯಾದರೆ, ಅದೇ ಚೆಂಡನ್ನು ಒಬ್ಬ ಬೆಸ್ತನ ಮಗನೋ ಗದ್ದೆ ಉಳುವವನ ಮಗನೋ ಒದ್ದಿದ್ದರೆ ಅರಮನೆಯ ಬರಹಗಾರ ಒಂದು ಸಾಲನ್ನಾದರೂ ಬರೆಯುತ್ತಿದ್ದನೇ? ಆಟವಾಡಿದ್ದಕ್ಕೆ ಈ ಕಥೆ ಉಳಿದಿಲ್ಲ, ರಾಜಕುಮಾರನ ರುಮಾಲು ಬಿದ್ದದ್ದಕ್ಕೆ ಉಳಿದಿದೆ.

ಆದರೆ ಆಟ ಅರಮನೆಯ ಸ್ವತ್ತಾಗಿರಲಿಲ್ಲ. ಅದಕ್ಕೆ ಸಾಕ್ಷಿ ಮಾತಿನಲ್ಲೇ ಇದೆ. ಮಲಯ ಭಾಷೆಯಲ್ಲಿ ಇದನ್ನು ಸೆಪಕ್ ರಾಗಾ ಅಂತಿದ್ದರು. ಸೆಪಕ್ ಎಂದರೆ ಒದೆ, ರಾಗಾ ಎಂದರೆ ಹೆಣೆದ ಬುಟ್ಟಿ. ಬುಟ್ಟಿ ಹೆಣೆಯುವ ಕೈಯೇ ಚೆಂಡನ್ನೂ ಹೆಣೆಯಿತು. ನಮ್ಮ ಮೇದರು ಬಿದಿರು ಸೀಳಿ ಮೊರ ಹೆಣೆಯುವುದನ್ನು ಕಂಡವರಿಗೆ ಈ ಚೆಂಡು ಅಪರಿಚಿತವಲ್ಲ. ಥಾಯ್ ಜನ ಇದಕ್ಕೆ ತಕ್ರಾ ಅಂದರು, ಲಾವೋಸಿನವರು ಕತಾ ಅಂದರು, ಬರ್ಮಾದವರು ಚಿನ್‌ಲೋನ್ ಅಂದರು. ಎಲ್ಲ ಕಡೆಯೂ ಹಳೆಯ ಆಟ ಒಂದೇ ಬಗೆ: ಜನ ಸುತ್ತ ನಿಂತು ಚೆಂಡನ್ನು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ಒದೆಯುತ್ತಾ ಹೋಗುವುದು. ಎದುರಾಳಿ ಇಲ್ಲ. ಗೆಲ್ಲುವವ, ಸೋಲುವವ ಇಲ್ಲ. ಪಕ್ಕದವನು ಬಿಟ್ಟ ಚೆಂಡನ್ನು ಇವನು ಎತ್ತಬೇಕು, ಇವನು ಬಿಟ್ಟದ್ದನ್ನು ಅವನು.

ಬಲೆ ಬಂದದ್ದು 20ನೇ ಶತಮಾನದಲ್ಲಿ. ಥಾಯ್ಲೆಂಡಿನಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚೆಯೇ ಬಲೆಯ ಆಟ ಬೆಳೆದಿತ್ತು. ಮಲಯದ ಪೆನಾಂಗ್‌ನಲ್ಲಿ 1945ರಲ್ಲಿ, ಜಪಾನೀ ಸೇನೆಯ ಆಳ್ವಿಕೆ ಇನ್ನೂ ಮುಗಿಯದಿದ್ದಾಗ, ಬಲೆ ಕಟ್ಟಿ ಆಡಿದರು. ಬಲೆ ಬಂದ ಮೇಲೆ ಆಚೆ ಈಚೆ ಹುಟ್ಟಿತು, ಲೆಕ್ಕ ಹುಟ್ಟಿತು, ತೀರ್ಪುಗಾರ ಬಂದ.

ಆಮೇಲೆ ಬಂದದ್ದು ಹೆಸರಿನ ಜಗಳ. 1965ರಲ್ಲಿ ಕ್ವಾಲಾಲಂಪುರದಲ್ಲಿ ಆಗ್ನೇಯ ಏಷ್ಯಾ ಪರ್ಯಾಯ ದ್ವೀಪದ ಕ್ರೀಡಾಕೂಟ ನಡೆಯಿತು. ಈ ಆಟವನ್ನು ಅಲ್ಲಿ ಸೇರಿಸಬೇಕು ಅಂದಾಗ, ಆಟ ನಮ್ಮದು ಅಂದರು ಮಲಯರು, ನಮ್ಮದು ಅಂದರು ಥಾಯ್ ಜನ. ಕೊನೆಗೆ ಮಲಯರ 'ಸೆಪಕ್', ಥಾಯ್ ಜನರ 'ತಕ್ರಾ' ಎರಡನ್ನೂ ಕೂಡಿಸಿ ಒಂದು ಹೆಸರು ಮಾಡಿದರು. ಅವನದು ಕ್ರಿಯೆ, ಇವನದು ಚೆಂಡು. ಗಡಿಗಾಗಿ ಹೊಡೆದಾಡುವ ಸರ್ಕಾರಗಳ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಬಿಳಿಯರು ಕೊಟ್ಟುಹೋದ ಕ್ರಿಕೆಟ್ಟು, ಹಾಕಿಗಳ ಹೆಸರನ್ನು ನಾವು ಹಾಗೇ ನುಂಗಿಕೊಂಡೆವು. ಇವರು ತಮ್ಮ ಎರಡು ನುಡಿಗಳನ್ನು ಜೋಡಿಸಿ ಹೊಸ ಹೆಸರು ಕಟ್ಟಿದರು.

ಮುಂದಿನ ಬಾಗಿಲು ತೆರೆದದ್ದು 1990ರಲ್ಲಿ, ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ. ಅದೇ ಕೂಟದಲ್ಲಿ ನಮ್ಮ ಹಳ್ಳಿ ಬಯಲಿನ ಕಬಡ್ಡಿಯೂ ಪದಕದ ಆಟವಾಯಿತು ಎಂಬುದನ್ನು ಗಮನಿಸಿ. ದುಡ್ಡು ಖರ್ಚಾಗದ ಎರಡು ಬಯಲ ಆಟಗಳು ಒಂದೇ ಬಾಗಿಲಿನಿಂದ ಒಳಗೆ ಬಂದವು. 1990ರಲ್ಲೂ 1994ರಲ್ಲೂ ಸೆಪಕ್ ತಕ್ರಾದ ಚಿನ್ನ ಮಲೇಷ್ಯಾಕ್ಕೆ. 1998ರ ಬ್ಯಾಂಕಾಕ್ ಕೂಟದಲ್ಲಿ ಹೆಂಗಸರೂ ಅಂಗಳಕ್ಕಿಳಿದರು. ಅಲ್ಲಿಂದ ಮೇಲುಗೈ ಥಾಯ್ಲೆಂಡಿನದು. ರೆಗು ಸ್ಪರ್ಧೆಯ ಚಿನ್ನ ಮತ್ತೆ ಮಲೇಷ್ಯಾದ ಗಂಡಸರ ಕೈ ಸೇರಿದ್ದು 24 ವರ್ಷಗಳ ಮೇಲೆ, 2018ರಲ್ಲಿ. ಒಲಿಂಪಿಕ್ಸ್‌ನಲ್ಲಿ ಇದು ಇವತ್ತಿಗೂ ಪದಕದ ಆಟವಾಗಿಲ್ಲ.

ಈ ನಡುವೆ 1980ರ ದಶಕದಲ್ಲಿ ಬೆತ್ತ ಹೋಗಿ ಪ್ಲಾಸ್ಟಿಕ್ ಬಂತು. ಒಂದೇ ತೂಕ, ಒಂದೇ ಸುತ್ತಳತೆ ಇದ್ದರೆ ತಾನೆ ಸ್ಪರ್ಧೆ ನ್ಯಾಯವಾದೀತು? ಅದು ಸರಿಯೇ. ಆದರೂ ಚೆಂಡಿನ ಮೈ ಹೆಣಿಗೆಯ ರೂಪ ಬಿಡಲಿಲ್ಲ. ಅದಕ್ಕೆ 12 ತೂತು, 20 ಕಡೆ ಎಳೆಗಳ ಕೂಡಿಕೆ ಇರಬೇಕು ಅಂತ ನಿಯಮವೇ ಇದೆ. ಬೆತ್ತ ಹೆಣೆದವರ ಲೆಕ್ಕ ನಿಯಮದ ಪುಸ್ತಕ ಸೇರಿತು, ಹೆಣೆದವರ ಹೆಸರು ಸೇರಲಿಲ್ಲ.

ಈಗ ಪಾಲೆಂಬಾಂಗ್‌ಗೆ ಬರೋಣ. ಭಾರತದ ಗಂಡಸರು ಸೆಮಿಫೈನಲ್‌ನಲ್ಲಿ ಥಾಯ್ಲೆಂಡಿಗೆ ಸೋತರು. ಅಲ್ಲಿ ಸೋತ ಎರಡೂ ತಂಡಗಳಿಗೆ ಕಂಚು ಕೊಡುವುದು ಈ ಆಟದ ಪದ್ಧತಿ. ಆ ತಂಡದಲ್ಲಿ ದಿಲ್ಲಿಯ ಮಜ್ನು ಕಾ ಟಿಲ್ಲಾದ ಹರೀಶ್ ಕುಮಾರ್ ಇದ್ದರು. ಅವರು ಟೈರು ಒದ್ದುಕೊಂಡು ಆಡುತ್ತಿದ್ದುದನ್ನು ನೋಡಿ ತರಬೇತುದಾರರೊಬ್ಬರು ಈ ಆಟಕ್ಕೆ ಕರೆತಂದಿದ್ದರು. ಪದಕ ಗೆದ್ದು ಊರಿಗೆ ಬಂದವರು ಮತ್ತೆ ಅಪ್ಪನ ಚಹಾ ಅಂಗಡಿಯಲ್ಲಿ ಲೋಟ ಹಿಡಿದು ನಿಂತರು. ಪತ್ರಿಕೆಗಳು ಅದನ್ನು ಸೋಜಿಗ ಅಂತ ಬರೆದವು. ಚಹಾ ಮಾರುವುದು ಅವಮಾನವಲ್ಲ, ದುಡಿಮೆ. ಏಷ್ಯಾಕ್ಕೇ ಗೊತ್ತಾದ ಆ ಕಾಲಿಗೆ ಈ ದೇಶದಲ್ಲಿ ಒಂದು ಕೆಲಸ ಕಾದಿರಲಿಲ್ಲವಲ್ಲ, ಅವಮಾನ ಅದು.

2022ರ ಹಾಂಗ್‌ಝೌ ಏಷ್ಯನ್ ಕೂಟ ಕೋವಿಡ್‌ನಿಂದ ಮುಂದೆ ಹೋಗಿ 2023ರಲ್ಲಿ ನಡೆಯಿತು. ಅಲ್ಲಿ ಭಾರತದ ಹೆಣ್ಣುಮಕ್ಕಳು ರೆಗು ಸ್ಪರ್ಧೆಯಲ್ಲಿ ಕಂಚು ಗೆದ್ದರು, ಹೆಂಗಸರಿಗೆ ಅದೇ ಮೊದಲ ಪದಕ. ಮೈಪಾಕ್ ದೇವಿ, ಚಾವೊಬಾ ದೇವಿ, ಪ್ರಿಯಾ ದೇವಿ, ಲೈರೆಂಟೊನ್ಬಿ ದೇವಿ, ಖುಷ್ಬು. ಹೆಚ್ಚಿನವರು ಮಣಿಪುರದವರು. ಆ ವರ್ಷದ ಮೇ ತಿಂಗಳಿಂದ ಮಣಿಪುರ ಹೊತ್ತಿ ಉರಿಯುತ್ತಿತ್ತು. ಸುಟ್ಟ ಮನೆಗಳ ನಾಡಿನಿಂದ ಬಂದ ಮಕ್ಕಳ ಕೊರಳಿಗೆ ಪದಕ ಬಿದ್ದಾಗ ದೇಶ ಚಪ್ಪಾಳೆ ಹೊಡೆಯಿತು. ಪದಕದ ಪಟ್ಟಿಯಲ್ಲಿ 'ಭಾರತ, ಕಂಚು' ಅಂತಷ್ಟೇ ಇದೆ.

ಹಾಗಾದರೆ ಪದಕವೇ ಬೇಡವೇ? ಹಾಗಂತ ನಾವು ಹೇಳ್ತಿಲ್ಲ. 1990ರಲ್ಲಿ ಆ ಬಾಗಿಲು ತೆರೆಯದಿದ್ದರೆ ಟೈರು ಒದೆಯುತ್ತಿದ್ದ ಹುಡುಗನ ಹೆಸರು ನಮಗೆ ತಿಳೀತಿರಲಿಲ್ಲ. ಬಾಗಿಲು ಬೇಕು, ಆದರೆ ಬಾಗಿಲ ಆಚೆಗೆ ಊಟವೂ ಬೇಕು. ಪದಕ ಎಣಿಸುವ ಪ್ರಭುತ್ವವನ್ನು ನಾವು ಕೇಳಬೇಕಾದ್ದು ಇದನ್ನೇ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಆಟದ ಪೀರಿಯಡ್ಡಿನಲ್ಲಿ ಹುಡುಗರು, ಹುಡುಗಿಯರು ಎಲ್ಲರನ್ನೂ ಒಂದೇ ಸುತ್ತಿನಲ್ಲಿ ನಿಲ್ಲಿಸಿ. ಬಲೆ ಬೇಡ. ಚಿಂದಿ ಸುತ್ತಿದ ಚೆಂಡಾದರೂ ಸಾಕು. ನೆಲಕ್ಕೆ ಬೀಳದ ಹಾಗೆ ಎಷ್ಟು ಹೊತ್ತು ಆಡಿಸ್ತೀರೋ ನೋಡೋಣ ಅನ್ನಿ. ಪಕ್ಕದವರು ಯಾರ ಮನೆಯ ಮಗು ಅಂತ ನೋಡ್ತಾ ನಿಂತರೆ ಚೆಂಡು ಬಿದ್ದುಹೋಗುತ್ತದೆ. ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.